ಸಂತೆಯ ಸೀಸೆಯಲ್ಲಿ ನ್ಯಾನೋ ಇಲ್ಲ

ನಮ್ಮ ಕಡೆ ಸಂತೆಗಳಿಗೆ ಹೊಸ ಮಾತೊಂದು ಬಂದಿದೆ. ಚಪ್ಪಲಿ ಅಂಗಡಿ ಪಕ್ಕ ಜೀಪು ನಿಲ್ಲಿಸಿ, ಮೈಕು ಹಿಡಿದು ಕೂಗುತ್ತಾರೆ: "ನ್ಯಾನೋ ಹನಿ ಬಂದೈತ್ರಿ! ಶುಗರ್, ಮಂಡಿನೋವು, ಗಡ್ಡೆ, ಲಕ್ವಾ, ಏನ ಇರ್ಲಿ. ದಿನಕ್ಕ ನಾಕು ಹನಿ. ಸೀದಾ ರೋಗ ಎಲ್ಲೈತಿ ಅಲ್ಲಿಗೇ ಹೋಗಿ ಹೊಡಿತೈತ್ರಿ!" ಸಂತೆಗೆ ಹೋಗದವರಿಗೆ ವಾಟ್ಸಾಪ್‌ನಲ್ಲಿ ವಿಡಿಯೋ ಬರುತ್ತದೆ. ನೀಲಿ ಬಣ್ಣದ ರಕ್ತನಾಳ, ಅದರೊಳಗೆ ರಾಕೆಟ್ಟಿನಂತೆ ಹಾರುವ ಕಣ, ಕೊನೆಗೆ ಸ್ಫೋಟ. ಕೆಳಗೆ ಫೋನ್ ನಂಬರು.

ನ್ಯಾನೋ ಎಂಬ ಮಾತು ಹಳ್ಳಿಗೆ ಹೊಸದಲ್ಲ. ಮೊದಲು ಕಾರು ಬಂತು, ಆಮೇಲೆ ಯೂರಿಯಾ ಬಾಟಲಿ ಬಂತು. ಈಗ ಔಷಧದ ಹೆಸರಲ್ಲಿ ಬಂದಿದೆ. ನಮ್ಮ ತಕರಾರು ಇರುವುದು ಈ ಮೂರನೆಯದರ ಮೇಲೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ನ್ಯಾನೋ ಔಷಧ ಸುಳ್ಳಲ್ಲ. ಅದು ನಿಜವಾಗಿ ಇದೆ, ಮೂವತ್ತು ವರ್ಷದಿಂದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ, ನಮ್ಮ ರಾಜ್ಯದಲ್ಲೇ ಜನರ ಜೀವ ಉಳಿಸಿದೆ. ನಮಗೆ ಸಿಟ್ಟು ಬರುವುದೂ ಅದಕ್ಕೇ. ನಿಜವಾದದ್ದು ಬೇಕಾದಾಗ ಬಡವರ ಕೈಗೆ ಸಿಗಲಿಲ್ಲ. ಅದರ ಹೆಸರು ಕದ್ದವರ ಸೀಸೆ ಮಾತ್ರ ಪ್ರತಿ ವಾರ ಊರ ಬಾಗಿಲಿಗೆ ಬರುತ್ತಿದೆ.

2021ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಕೊರೊನಾ ಎರಡನೇ ಅಲೆ. ಗುಣವಾಗಿ ಮನೆಗೆ ಬಂದವರಿಗೆ ಮುಖ ಊದುವುದು, ಕಣ್ಣು ಕೆಂಪಾಗುವುದು, ಮೂಗಿನಿಂದ ಕಪ್ಪು ಸುರಿಯುವುದು ಶುರುವಾಯಿತು. ಕಪ್ಪು ಶಿಲೀಂಧ್ರ, ಬ್ಲ್ಯಾಕ್ ಫಂಗಸ್. ಡಾಕ್ಟರುಗಳ ಭಾಷೆಯಲ್ಲಿ ಮ್ಯೂಕರ್‌ಮೈಕೋಸಿಸ್. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣ, 3 ಸಾವಿರಕ್ಕೂ ಹೆಚ್ಚು ಸಾವು ಎಂದು ಕೇಂದ್ರ ಸರ್ಕಾರವೇ ಲೆಕ್ಕ ಕೊಟ್ಟಿತು. ಉಳಿದವರಲ್ಲಿ ಎಷ್ಟೋ ಜನ ಒಂದು ಕಣ್ಣು, ಮೇಲ್ದವಡೆ ಕಳೆದುಕೊಂಡು ಬಂದರು. ಅವರು ನಿಮ್ಮ ಊರಲ್ಲೂ ಇರಬಹುದು.

ಆ ರೋಗಕ್ಕೆ ಬೇಕಿದ್ದ ಮುಖ್ಯ ಔಷಧ ಆಂಫೊಟೆರಿಸಿನ್ ಬಿ. ಹಳೆಯ ಔಷಧ. 1950ರ ದಶಕದಲ್ಲಿ ವೆನೆಜುವೆಲಾ ದೇಶದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ತೆಗೆದದ್ದು. ಶಿಲೀಂಧ್ರದ ಜೀವಕೋಶದ ಹೊರಪದರದಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇರುತ್ತದೆ. ಈ ಔಷಧ ಅದಕ್ಕೆ ಅಂಟಿಕೊಂಡು ತೂತು ಕೊರೆಯುತ್ತದೆ, ಶಿಲೀಂಧ್ರ ಸಾಯುತ್ತದೆ. ಆದರೆ ನಮ್ಮ ಜೀವಕೋಶದಲ್ಲೂ ಅದರ ದಾಯಾದಿಯಂಥ ಕೊಲೆಸ್ಟ್ರಾಲ್ ಇದೆಯಲ್ಲ, ಔಷಧಕ್ಕೆ ಅದೂ ಸ್ವಲ್ಪ ಮಟ್ಟಿಗೆ ಹಿಡಿಸುತ್ತದೆ. ಹೀಗಾಗಿ ಕಿಡ್ನಿ ಕೆಡುತ್ತದೆ. ಚಳಿ, ನಡುಕ, ಜ್ವರ ಬರುತ್ತದೆ. ಶಿಲೀಂಧ್ರದಿಂದ ಉಳಿದವರನ್ನು ಡಯಾಲಿಸಿಸ್‌ಗೆ ಕಳಿಸುವ ಔಷಧ ಎಂದೇ ಅದಕ್ಕೆ ಕೆಟ್ಟ ಹೆಸರು.

ನ್ಯಾನೋ ಕಣ ಬಂದದ್ದು ಇಲ್ಲಿಗೆ.

1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಬಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಎಂಬ ವಿಜ್ಞಾನಿ ಒಂದು ಸಂಗತಿ ಗಮನಿಸಿದರು. ಮೊಟ್ಟೆಯ ಹಳದಿಯಲ್ಲಿ, ಸೋಯಾದಲ್ಲಿ ಸಿಗುವ ಲೆಸಿಥಿನ್ ಜಾತಿಯ ಕೊಬ್ಬನ್ನು ನೀರಿಗೆ ಹಾಕಿದರೆ ಅದು ತಾನೇ ಪದರ ಕಟ್ಟಿಕೊಂಡು ಸಣ್ಣ ಸಣ್ಣ ಗುಳ್ಳೆ ಆಗುತ್ತದೆ. ಆ ಕೊಬ್ಬಿಗೆ ಒಂದು ತುದಿ ನೀರು ಬಯಸುತ್ತದೆ, ಇನ್ನೊಂದು ತುದಿ ನೀರಿನಿಂದ ಓಡುತ್ತದೆ. ಓಡುವ ತುದಿಗಳು ಒಳಗೆ ಮುಖ ಮಾಡಿ ಕೂತಾಗ ಗುಳ್ಳೆ ತಯಾರು. ಇದೇ ಲೈಪೋಸೋಮ್. ನಮ್ಮ ದೇಹದ ಜೀವಕೋಶದ ಗೋಡೆಯೂ ಹೆಚ್ಚು ಕಡಿಮೆ ಇದೇ ಸಾಮಾನಿನದ್ದು. ಹಾಗಾಗಿ ದೇಹ ಅದನ್ನು ಕಂಡ ಕೂಡಲೇ ಗಲಾಟೆ ಮಾಡುವುದಿಲ್ಲ.

ಎಷ್ಟು ಸಣ್ಣದು? ಜೋಳದ ಕಾಳು ಸುಮಾರು 4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 100 ನ್ಯಾನೋಮೀಟರ್ ಗಾತ್ರದ ಗುಳ್ಳೆಗಳನ್ನು ಸಾಲಾಗಿ ಇಟ್ಟರೆ ಆ ಒಂದು ಕಾಳಿನ ಉದ್ದಕ್ಕೆ 40 ಸಾವಿರ ಹಿಡಿಸುತ್ತವೆ. ಆಂಫೊಟೆರಿಸಿನ್‌ನ ಗುಳ್ಳೆ ಅದಕ್ಕಿಂತಲೂ ಸಣ್ಣದು.

ಇದನ್ನು ವಿವರಿಸುವಾಗ ಎಲ್ಲರೂ ಹೋಳಿಗೆ ಉದಾಹರಣೆ ಕೊಡುತ್ತಾರೆ: ಕಣಕದೊಳಗೆ ಹೂರಣ ಇದ್ದಂತೆ ಗುಳ್ಳೆಯೊಳಗೆ ಔಷಧ. ಕ್ಯಾನ್ಸರಿನ ಡಾಕ್ಸೊರುಬಿಸಿನ್ ಎಂಬ ಔಷಧಕ್ಕೆ ಆ ಮಾತು ಸರಿ. ಆಂಫೊಟೆರಿಸಿನ್‌ಗೆ ಸರಿಯಲ್ಲ. ಇಲ್ಲಿ ಔಷಧ ಇರುವುದು ಒಳಗಿನ ಪೊಳ್ಳಿನಲ್ಲಲ್ಲ, ಗೋಡೆಯಲ್ಲೇ ಕಲಸಿಕೊಂಡಿದೆ. ಹೋಳಿಗೆಗಿಂತ ಮೆಂತ್ಯೆ ಸೊಪ್ಪು ಹಾಕಿ ನಾದಿದ ಥಾಲಿಪಟ್ಟಿಗೆ ಹತ್ತಿರ. ಗುಳ್ಳೆ ಶಿಲೀಂಧ್ರದ ಗೋಡೆಗೆ ತಾಗುವವರೆಗೂ ಔಷಧ ಅದರೊಳಗೇ ಕೂತಿರುತ್ತದೆ, ಅಲ್ಲಿ ತಾಗಿದ ಮೇಲೆ ಎರ್ಗೊಸ್ಟೆರಾಲ್ ಕಡೆ ಜಾರುತ್ತದೆ. ದಾರಿಯಲ್ಲಿ ಕಿಡ್ನಿಗೆ ಬೀಳುವ ಪೆಟ್ಟು ಬಹಳ ಕಡಿಮೆ. ಅದರಿಂದಾಗಿ ಡಾಕ್ಟರು ಹಳೆಯದಕ್ಕಿಂತ ಮೂರು–ಐದು ಪಟ್ಟು ಡೋಸ್ ಧೈರ್ಯವಾಗಿ ಕೊಡಬಲ್ಲರು.

ನಿಜವಾದ ನ್ಯಾನೋ ಔಷಧದಲ್ಲಿ ರಾಕೆಟ್ಟೂ ಇಲ್ಲ, ಸ್ಫೋಟವೂ ಇಲ್ಲ. ಇರುವುದು ಒಂದು ಒಳ್ಳೆಯ ಗಾಡಿ. ಸಾಮಾನು ಹಳೆಯದೇ, ಸಾಗಿಸುವ ಬಗೆ ಹೊಸದು.

ಇನ್ನೊಂದು ಮಾತು, ಧಾರವಾಡ, ಬೆಳಗಾವಿ, ಬೀದರ್ ಕಡೆಯ ಓದುಗರಿಗಾಗಿ. ಈ ಗುಳ್ಳೆಗೆ ಬಳಸುವ ಮುಖ್ಯ ಕೊಬ್ಬು ಸೋಯಾದ ಲೆಸಿಥಿನ್‌ನಿಂದ ಶುದ್ಧ ಮಾಡಿದ್ದು. ನೀವು ಮುಂಗಾರಿಗೆ ಬಿತ್ತುವ ಅದೇ ಸೋಯಾಬೀನ್ ಜಾತಿ. ಕ್ವಿಂಟಲ್‌ಗೆ ಬೆಂಬಲ ಬೆಲೆ ಸಿಗಲಿಲ್ಲ ಎಂದು ರಸ್ತೆಗೆ ಇಳಿಯುತ್ತೀರಲ್ಲ, ಅದರದ್ದೇ ಒಂದು ಅಂಶ ಸಾವಿರಾರು ರೂಪಾಯಿಯ ವಯಲ್‌ನಲ್ಲಿ ಕೂತಿದೆ.

ಈಗ ಲೆಕ್ಕಕ್ಕೆ ಬರೋಣ. ಕಪ್ಪು ಶಿಲೀಂಧ್ರಕ್ಕೆ ಲೈಪೋಸೋಮ್ ಆಂಫೊಟೆರಿಸಿನ್‌ನ ಸಾಮಾನ್ಯ ಡೋಸ್ ದಿನಕ್ಕೆ ಕೆಜಿಗೆ ಕನಿಷ್ಠ 5 ಮಿಲಿಗ್ರಾಂ. 60 ಕೆಜಿ ತೂಕದ ಮನುಷ್ಯನಿಗೆ 300 ಮಿಲಿಗ್ರಾಂ. ಒಂದು ವಯಲ್‌ನಲ್ಲಿ 50 ಮಿಲಿಗ್ರಾಂ. ದಿನಕ್ಕೆ 6 ವಯಲ್. ವಾರಗಟ್ಟಲೆ ಕೊಡಬೇಕು. ಮೂರು ವಾರ ಎಂದರೂ 126 ವಯಲ್.

2021ರ ಮೇ ತಿಂಗಳಲ್ಲಿ ಕೇಂದ್ರ ರಸಗೊಬ್ಬರ ಮತ್ತು ರಾಸಾಯನಿಕ ಸಚಿವರಾಗಿದ್ದ ನಮ್ಮ ರಾಜ್ಯದವರೇ ಆದ ಡಿ.ವಿ. ಸದಾನಂದಗೌಡರು ಟ್ವೀಟ್ ಮಾಡಿದರು: ಎಲ್ಲ ರಾಜ್ಯಗಳಿಗೆ ಸೇರಿ ಹೆಚ್ಚುವರಿಯಾಗಿ 23,680 ವಯಲ್ ಹಂಚಿಕೆ, ದೇಶದಲ್ಲಿ ಆಗ ಇದ್ದ ರೋಗಿಗಳು ಸುಮಾರು 8,848. ಭಾಗಿಸಿ ನೋಡಿ. ತಲೆಗೆ ಮೂರು ವಯಲ್‌ಗೂ ಕಡಿಮೆ. ಅರ್ಧ ದಿನದ ಡೋಸ್. ಆಮೇಲೆ ಆಮದು ಹೆಚ್ಚಿತು, ಹೊಸ ಕಂಪನಿಗಳಿಗೆ ಪರವಾನಗಿ ಸಿಕ್ಕಿತು, ಹಂಚಿಕೆಯೂ ಏರಿತು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಈ ಶಿಲೀಂಧ್ರ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹೋಗಲು ತೆಗೆದುಕೊಳ್ಳುವುದು ದಿನಗಳ ಲೆಕ್ಕ. ಟೆಂಡರ್ ಕರೆಯುವ ಲೆಕ್ಕ ಅಲ್ಲ.

ಬೆಲೆ? ಅದೇ ಮೇ ಕೊನೆಯಲ್ಲಿ ಮಹಾರಾಷ್ಟ್ರದ ವಾರ್ಧಾದ ಕಂಪನಿಯೊಂದು ಆಂಫೊಟೆರಿಸಿನ್‌ನ ಎಮಲ್ಷನ್ ಇಂಜೆಕ್ಷನ್ ತಯಾರಿಸಿತು. ಮಾರುಕಟ್ಟೆಯಲ್ಲಿ 7,000 ರೂಪಾಯಿ ಇದ್ದದ್ದು ಇನ್ನು 1,200ಕ್ಕೆ ಸಿಗುತ್ತದೆ ಎಂದು ಸಚಿವ ನಿತಿನ್ ಗಡ್ಕರಿ ಕಡೆಯಿಂದ ಪ್ರಕಟಣೆ ಬಂತು. ಎಮಲ್ಷನ್ ಬೇರೆ, ಲೈಪೋಸೋಮ್ ಬೇರೆ. ಎರಡೂ ಕೊಬ್ಬಿನ ಗಾಡಿಗಳೇ, ಆದರೆ ಒಂದೇ ಗಾಡಿಯಲ್ಲ. ಅದಿರಲಿ, 126 ವಯಲ್‌ಗೆ 7,000ದಂತೆ 8,82,000 ರೂಪಾಯಿ. 1,200ರಂತೆ 1,51,200. ಸಾಯುವ ಕಾಲದಲ್ಲಿ 7,000 ಇದ್ದ ಔಷಧವನ್ನು 1,200ಕ್ಕೆ ಮಾಡಲು ಸಾಧ್ಯ ಎಂದರೆ, ಕೊರೊನಾಕ್ಕೆ ಮೊದಲು ಯಾಕೆ ಯಾರೂ ಮಾಡಲಿಲ್ಲ? ಜೂನ್ 12ರಂದು ಜಿಎಸ್‌ಟಿ ಮಂಡಳಿ ಈ ಔಷಧದ ಮೇಲಿನ ತೆರಿಗೆಯನ್ನು 5ರಿಂದ ಸೊನ್ನೆಗೆ ಇಳಿಸಿತು, ಅದೂ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಎಂದು ಗಡುವು ಹಾಕಿ. ಶಿಲೀಂಧ್ರಕ್ಕೆ ಗಡುವು ಗೊತ್ತಿರುತ್ತದೆ ಅಂದುಕೊಂಡಿದ್ದರೋ ಏನೋ.

ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ ಎಂದು ನಮ್ಮ ರಾಜ್ಯ ಸರ್ಕಾರ ಹೇಳಿತ್ತು. ಆದರೆ ಔಷಧ ಕಪಾಟಿನಲ್ಲಿ ಇದ್ದಾಗ ಮಾತ್ರ ಉಚಿತ ಎಂಬ ಮಾತಿಗೆ ಅರ್ಥ. ಆ ದಿನಗಳಲ್ಲಿ ಚೀಟಿ ಹಿಡಿದು ಜಿಲ್ಲೆಯಿಂದ ಜಿಲ್ಲೆಗೆ ಅಲೆದವರು, ಹೊಲ ಅಡವಿಟ್ಟು ಹೊರಗಿನಿಂದ ತಂದವರು ಎಷ್ಟು ಜನ ಎಂಬುದಕ್ಕೆ ಯಾವ ಇಲಾಖೆಯಲ್ಲೂ ಕಡತ ಇರಲಿಕ್ಕಿಲ್ಲ.

ಇದು ಬಡವರಿಗೆ ಆಗುವ ಔಷಧವೇ ಅಲ್ಲ, ದೊಡ್ಡೂರಿನವರದ್ದು ಎನ್ನುವವರಿದ್ದಾರೆ. ಅವರಿಗೆ ಬಿಹಾರ ತೋರಿಸುತ್ತೇವೆ.

ಕಾಲಾ ಅಜಾರ್ ಬಿಹಾರದ ಕಡುಬಡವರ ರೋಗ. ಮಣ್ಣಿನ ಗೋಡೆಯ ಬಿರುಕಿನಲ್ಲಿರುವ ಮರಳು ನೊಣ ಕಚ್ಚಿ ಬರುವುದು. ಪರಾವಲಂಬಿ ಜೀವಿ ಗುಲ್ಮ, ಯಕೃತ್ತು, ಮೂಳೆಮಜ್ಜೆಯ ರಕ್ಷಕ ಕೋಶಗಳ ಒಳಗೇ ಮನೆ ಮಾಡುತ್ತದೆ. ಸುಮ್ಮನೆ ಬಿಟ್ಟರೆ ಸಾವು. ಲೈಪೋಸೋಮ್ ಗುಳ್ಳೆಯ ಗುಣವೇನೆಂದರೆ, ರಕ್ತಕ್ಕೆ ಹೋದ ಮೇಲೆ ಅದನ್ನು ಹಿಡಿದು ನುಂಗುವುದೂ ಇದೇ ಗುಲ್ಮ, ಯಕೃತ್ತಿನ ಕೋಶಗಳು. ಕಳ್ಳ ಅಡಗಿದ ಮನೆಗೇ ಔಷಧ ತಾನಾಗಿ ಹೋಗಿ ಸೇರಿದಂತಾಯಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಡಾ. ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಬಿಹಾರದ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಒಂದೇ ಸಲ, ಕೆಜಿಗೆ 10 ಮಿಲಿಗ್ರಾಂ ಕೊಟ್ಟ 304 ಜನರಲ್ಲಿ ಆರು ತಿಂಗಳ ನಂತರವೂ ಗುಣವಾಗಿದ್ದವರು 95.7%. ಹಳೆಯ ಆಂಫೊಟೆರಿಸಿನ್ ಕೊಟ್ಟವರಲ್ಲಿ 96.3%. ಗುಣ ಸಮಸಮ. ಆದರೆ ಹಳೆಯದಕ್ಕೆ ದಿನ ಬಿಟ್ಟು ದಿನ 15 ಡ್ರಿಪ್, 29 ದಿನ ಆಸ್ಪತ್ರೆ ವಾಸ. ಹೊಸದಕ್ಕೆ ಒಂದು ದಿನ.

29 ದಿನದ ಕೂಲಿ ಎಂದರೆ ಏನು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಹಾಸಿಗೆ ಪಕ್ಕ ಕೂರುವ ಹೆಂಡತಿಯ ಕೂಲಿಯೂ ಸೇರಿಸಿದರೆ 58 ದಿನ. 2014ರಲ್ಲಿ ಸರ್ಕಾರದ ಕಾರ್ಯಕ್ರಮಕ್ಕೆ ಈ ಒಂದೇ ಡೋಸ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಕಂಪನಿಯೇ ಔಷಧವನ್ನು ಉಚಿತವಾಗಿ ಕೊಟ್ಟಿತು. ನ್ಯಾನೋ ಔಷಧದಿಂದ ಹೆಚ್ಚು ಲಾಭ ಆಗಬೇಕಾದ್ದು ಆಸ್ಪತ್ರೆಯಲ್ಲಿ ತಿಂಗಳು ಮಲಗಲು ಆಗದವನಿಗೇ. ಕಂಪನಿಯ ದಾನ ನಂಬಿ ಎಷ್ಟು ದಿನ ಎನ್ನುವುದು ಬೇರೆ ಪ್ರಶ್ನೆ.

ಭಾರತದಲ್ಲಿ ಇದನ್ನು ಮಾಡುವ ಕೈ ಇಲ್ಲವೇ? ಇದೆ. ಆಗಲೇ ಹೇಳಿದ ಡಾಕ್ಸೊರುಬಿಸಿನ್ ಹೂರಣದ ಗುಳ್ಳೆಗೆ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಸಿಕ್ಕಿತ್ತು. ಹೃದಯಕ್ಕೆ ಪೆಟ್ಟು ಕಡಿಮೆ ಎಂಬುದು ಅದರ ಗುಣ. 2012ರಲ್ಲಿ ಅಮೆರಿಕದಲ್ಲೇ ಅದರ ಕೊರತೆ ಬಿತ್ತು. ಆಗ ಅವರ ಔಷಧ ನಿಯಂತ್ರಕರು ನಮ್ಮ ದೇಶದ ಸನ್ ಫಾರ್ಮಾ ಕಂಪನಿಯ ಲಿಪೊಡಾಕ್ಸ್ ತರಿಸಿಕೊಂಡರು. ಮರುವರ್ಷ ಅದೇ ಕಂಪನಿಯ ಜೆನೆರಿಕ್‌ಗೆ ಅಲ್ಲಿ ಪೂರ್ಣ ಅನುಮತಿಯೂ ಸಿಕ್ಕಿತು. ಅಮೆರಿಕದ ಕೊರತೆಗೆ ಗುಳ್ಳೆ ಕಟ್ಟಿಕೊಟ್ಟ ದೇಶ ತನ್ನ ಜನರ ಕೊರತೆಗೆ ಒಂಬತ್ತು ವರ್ಷದ ನಂತರವೂ ತಡಬಡಿಸಿತು. ಮಾಡಲು ಬಾರದೆ ಅಲ್ಲ. ಮೊದಲೇ ಕೊಂಡಿಡುವವರು ಇಲ್ಲದ್ದರಿಂದ.

ಈಗ ಸಂತೆಯ ಸೀಸೆಗೆ ಬರೋಣ.

"ಸೀದಾ ರೋಗ ಎಲ್ಲೈತಿ ಅಲ್ಲಿಗೇ" ಎಂಬ ಮಾತು ದೊಡ್ಡ ಪ್ರಯೋಗಾಲಯಗಳಿಗೇ ಇನ್ನೂ ಕನಸು. ಕೆನಡಾದ ಟೊರಾಂಟೊದ ಸಂಶೋಧಕರು ಹತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಹಾಕಿ 2016ರಲ್ಲಿ ಲೆಕ್ಕ ಹಾಕಿದರು: ಪ್ರಾಣಿಗಳಿಗೆ ಚುಚ್ಚಿದ ನ್ಯಾನೋ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು ಸಾಮಾನ್ಯವಾಗಿ 0.7% ಮಾತ್ರ. ನೂರಕ್ಕೆ ಒಂದೂ ಇಲ್ಲ. ಉಳಿದದ್ದರಲ್ಲಿ ಹೆಚ್ಚಿನದನ್ನು ಯಕೃತ್ತು, ಗುಲ್ಮ ನುಂಗುತ್ತವೆ. ಅಷ್ಟರಿಂದಲೂ ಉಪಯೋಗ ಇದೆ, ಏಕೆಂದರೆ ಬೇರೆ ಅಂಗಕ್ಕೆ ಪೆಟ್ಟು ಕಡಿಮೆ. ರಕ್ತನಾಳಕ್ಕೆ ನೇರ ಚುಚ್ಚಿದ್ದರ ಕಥೆಯೇ ಇದು. ಇನ್ನು ನಾಲಿಗೆ ಮೇಲೆ ನಾಲ್ಕು ಹನಿ ಬಿಟ್ಟರೆ? ಕೊಬ್ಬಿನ ಗುಳ್ಳೆಯನ್ನು ಹೊಟ್ಟೆಯ ಆಮ್ಲ, ಪಿತ್ತರಸ, ಜೀರ್ಣರಸ ಸೇರಿ ಬಹುಮಟ್ಟಿಗೆ ಒಡೆದುಹಾಕುತ್ತವೆ. ನಿನ್ನೆಯ ಒಗ್ಗರಣೆ ಎಣ್ಣೆಗೆ ಆದ ಗತಿಯೇ ಅದಕ್ಕೂ. ಅದಕ್ಕಾಗಿಯೇ ಆಂಫೊಟೆರಿಸಿನ್, ಡಾಕ್ಸೊರುಬಿಸಿನ್ ಗುಳ್ಳೆಗಳೂ, ವಿದೇಶದಲ್ಲಿ ಕೋಟ್ಯಂತರ ಜನ ತೆಗೆದುಕೊಂಡ ಫೈಜರ್, ಮಾಡರ್ನಾ ಲಸಿಕೆಯ ಕೊಬ್ಬಿನ ಕಣಗಳೂ ಎಲ್ಲವೂ ಇಂಜೆಕ್ಷನ್. (ನಮ್ಮೂರಲ್ಲಿ ಹಾಕಿದ ಕೋವಿಶೀಲ್ಡ್, ಕೋವ್ಯಾಕ್ಸಿನ್‌ನಲ್ಲಿ ಅಂಥ ಕಣ ಇರಲಿಲ್ಲ. ಲಸಿಕೆಯಲ್ಲಿ ನ್ಯಾನೋ ಚಿಪ್ ಇತ್ತು ಎಂದು ಇನ್ನೂ ವಾದ ಮಾಡುವ ಮಾಮಂದಿರಿಗೆ ಇಷ್ಟು ತಿಳಿದಿರಲಿ.)

"ನಮ್ಮ ಭಸ್ಮಗಳೂ ನ್ಯಾನೋನೇ" ಎನ್ನುವ ವಾದವೂ ಕೇಳುತ್ತದೆ. ಕಣ ಸಣ್ಣದಾದ ಮಾತ್ರಕ್ಕೆ ಅದು ಔಷಧ ಹೊರುವ ಗಾಡಿ ಆಗುವುದಿಲ್ಲ. ಸೀಸ, ಪಾದರಸ ಸಣ್ಣದಾದಷ್ಟೂ ದೇಹಕ್ಕೆ ಸುಲಭವಾಗಿ ಇಳಿಯಬಹುದು, ಅದು ಹೆಮ್ಮೆ ಪಡುವ ವಿಷಯವಲ್ಲ.

ಕಾನೂನು ಇದೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಲಕ್ವಾ ಮುಂತಾದವನ್ನು ಗುಣ ಮಾಡುತ್ತೇವೆ ಎಂದು ಜಾಹೀರಾತು ಮಾಡುವುದೇ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. 2019ರ ಹೊಸ ಔಷಧ ನಿಯಮಗಳ ಪ್ರಕಾರ ಹೊಸ ಬಗೆಯ ಗಾಡಿಯಲ್ಲಿ ಬರುವ ಯಾವ ಔಷಧವೂ ಎಂದೆಂದಿಗೂ ‘ಹೊಸ ಔಷಧ’ವೇ, ದೆಹಲಿಯ ಕೇಂದ್ರ ನಿಯಂತ್ರಕರ ಅನುಮತಿ ಬೇಕೇ ಬೇಕು. ನ್ಯಾನೋ ಔಷಧಗಳನ್ನು ಹೇಗೆ ಪರೀಕ್ಷಿಸಬೇಕು ಎಂದು ಅದೇ ವರ್ಷ ಪ್ರತ್ಯೇಕ ಮಾರ್ಗಸೂಚಿಯೂ ಬಂದಿದೆ. ಇಷ್ಟೆಲ್ಲ ದಾಟಿ ಬಂದ ಔಷಧವನ್ನು ಚಪ್ಪಲಿ ಅಂಗಡಿ ಪಕ್ಕ ಮೈಕಿನಲ್ಲಿ ಯಾರೂ ಮಾರುವುದಿಲ್ಲ.

ಸೀಸೆ ತಿರುಗಿಸಿ ನೋಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಆಹಾರ. ಉಪ್ಪಿನಕಾಯಿ, ಹಪ್ಪಳಕ್ಕೂ ಅದೇ ನಂಬರ್. ಔಷಧ ಅಲ್ಲ. ಯಾವ ನಂಬರೂ ಇಲ್ಲದಿದ್ದರೆ ಸೀಸೆಯ ಫೋಟೋ, ಜೀಪಿನ ನಂಬರಿನ ಫೋಟೋ ತೆಗೆದು ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಕೊಡಿ. ಅಲ್ಲಿ ಸಿಬ್ಬಂದಿ ಕಡಿಮೆ ಎಂಬ ಉತ್ತರ ಬರಬಹುದು. ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಈ ಜೀಪುಗಳು ಓಡುತ್ತಿರುವುದು ಸ್ವೀಕೃತಿ ಕೇಳುವವರು ಇಲ್ಲದ್ದರಿಂದಲೇ.

ಆಸ್ಪತ್ರೆಯಲ್ಲೂ ಒಂದು ಎಚ್ಚರಿಕೆ ಬೇಕು. ಆಂಫೊಟೆರಿಸಿನ್ ಬಿ ಎಂಬ ಒಂದೇ ಹೆಸರಲ್ಲಿ ಬೇರೆ ಬೇರೆ ಬಗೆಯ ವಯಲ್ ಇವೆ. ಹಳೆಯದನ್ನು ದಿನಕ್ಕೆ ಕೆಜಿಗೆ 1.5 ಮಿಲಿಗ್ರಾಂ ಮೀರಿ ಕೊಡಬಾರದು. ಲೈಪೋಸೋಮ್‌ನದ್ದು 5. ಅದರ ಲೆಕ್ಕದಲ್ಲಿ ಇದನ್ನು ಕೊಟ್ಟರೆ ಹೃದಯ ನಿಂತು ಜೀವ ಹೋಗಬಹುದು. ಲೈಪೋಸೋಮ್ ವಯಲ್ ಅನ್ನು ಉಪ್ಪುನೀರಿನ ಸಲೈನ್‌ನಲ್ಲಿ ಕಲಸುವಂತಿಲ್ಲ, ಡೆಕ್ಸ್‌ಟ್ರೋಸ್‌ನಲ್ಲೇ ಕೊಡಬೇಕು. ಹೊರಗಿನಿಂದ ಔಷಧ ತರಲು ಚೀಟಿ ಕೊಟ್ಟರೆ "ಡಾಕ್ಟ್ರೇ, ಲೈಪೋಸೋಮಲ್ಲೋ, ಸಾದಾನೋ, ಚೀಟಿ ಮೇಲೆ ಬರೆದುಕೊಡ್ರಿ" ಎಂದು ಕೇಳಿ. ಅದು ಅಧಿಕಪ್ರಸಂಗ ಅಲ್ಲ.

ಕೊರೊನಾ ಹೋಯಿತು, ಇನ್ನೇಕೆ ಈ ಮಾತು ಎನ್ನಬೇಡಿ. ಈ ಶಿಲೀಂಧ್ರ ಕೊರೊನಾಕ್ಕೆ ಮೊದಲೂ ಇತ್ತು. ತಿಪ್ಪೆ, ಕೊಳೆತ ಹುಲ್ಲು, ಮಣ್ಣು, ಎಲ್ಲ ಕಡೆ ಅದರ ಬೀಜಕಣ ಇದೆ. ಶುಗರ್ ಹಿಡಿತಕ್ಕೆ ಸಿಗದವರನ್ನು ಅದು ಹುಡುಕಿಕೊಂಡು ಬರುತ್ತದೆ. ಜಗತ್ತಿನಲ್ಲೇ ಹೆಚ್ಚು ಪ್ರಕರಣ ಕಾಣುವ ದೇಶಗಳಲ್ಲಿ ನಮ್ಮದೂ ಒಂದು. ಈಗ ಸಂತೆಯ ಹನಿ ನಂಬಿ ಶುಗರ್ ಮಾತ್ರೆ ಬಿಟ್ಟವನನ್ನು ನೆನೆಸಿಕೊಳ್ಳಿ. ಸುಳ್ಳು ನ್ಯಾನೋ ಕುಡಿದವನೇ ನಾಳೆ ನಿಜವಾದ ನ್ಯಾನೋ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಜಿಲ್ಲಾ ಮಟ್ಟದ ಅಧಿಕಾರಿಯೊಬ್ಬರ ಮುಂದೆ ಇದನ್ನೇ ಇಟ್ಟಾಗ ಅವರು ಹೇಳಿದ್ದು: "ಅಪರೂಪದ ರೋಗಕ್ಕೆ ದುಬಾರಿ ಔಷಧ ತರಿಸಿ ಇಟ್ಟೆವು ಅನ್ನಿ. ಅವಧಿ ಮುಗಿದರೆ ಆಡಿಟ್‌ನವರು ನಮ್ಮ ಕೊರಳಪಟ್ಟಿ ಹಿಡೀತಾರ್ರಿ." ಅವರ ಭಯ ಸುಳ್ಳಲ್ಲ. ಆದರೆ ಹಾವು ದಿನಾ ಕಚ್ಚುವುದಿಲ್ಲ, ಆದರೂ ಹಾವಿನ ವಿಷಕ್ಕೆ ಇಂಜೆಕ್ಷನ್ ಇಟ್ಟಿರುತ್ತೇವಲ್ಲ? ಒಬ್ಬ ರೋಗಿಯ ಮೊದಲ ಮೂರು ದಿನಕ್ಕೆ 18 ವಯಲ್ ಸಾಕು. ಅಷ್ಟರಲ್ಲಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಉಳಿದದ್ದು ಬರಲಿ. ಅವಧಿ ಮುಗಿಯುವ ಆರು ತಿಂಗಳು ಮೊದಲು ಆ 18 ವಯಲ್‌ಗಳನ್ನು ರೋಗಿಗಳು ಹೆಚ್ಚಿರುವ ಮೆಡಿಕಲ್ ಕಾಲೇಜಿಗೆ ಕೊಟ್ಟು ಹೊಸದು ಪಡೆಯಲಿ. ಇದಕ್ಕೆ ಹೊಸ ಯೋಜನೆಯೂ ಬೇಡ, ಉದ್ಘಾಟನೆಯ ರಿಬ್ಬನ್ನೂ ಬೇಡ. ಒಂದು ಸುತ್ತೋಲೆ ಸಾಕು.

ನಮ್ಮ ಬಳಗದವರು ತಮ್ಮ ತಮ್ಮ ಜಿಲ್ಲಾ ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದೇವೆ. ನೀವೂ ಹಾಕಬಹುದು. ಇಷ್ಟೇ ಕೇಳಿ: ಲೈಪೋಸೋಮಲ್ ಆಂಫೊಟೆರಿಸಿನ್ ಬಿ 50 ಮಿಲಿಗ್ರಾಂ ವಯಲ್ ಇಂದು ಉಗ್ರಾಣದಲ್ಲಿ ಎಷ್ಟಿವೆ, ಅವಧಿ ಯಾವಾಗ ಮುಗಿಯುತ್ತದೆ, ಕೊನೆಯ ಬಾರಿ ಯಾವ ತಾರೀಕಿಗೆ ಬೇಡಿಕೆ ಪತ್ರ ಕಳಿಸಿದ್ದೀರಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿ. ಉತ್ತರಕ್ಕೆ 30 ದಿನ. ಬಂದ ಉತ್ತರದ ಫೋಟೋ ನಮಗೆ ಕಳಿಸಿ, ಜಿಲ್ಲೆಯ ಹೆಸರಿನೊಂದಿಗೆ ಇಲ್ಲೇ ಹಾಕುತ್ತೇವೆ.